ಮಾಗಿ ಚಳಿಯಲ್ಲಿ ಬಳ್ಳಾರಿಯ ಪಾರ್ಕು: ಪಂಪ್‌ಹೌಸ್ ಹಿಂದೆ ಕಂಡ ಈ ಸಣ್ಣ ಹಕ್ಕಿ ಯಾವುದು?

ಕೋಟೆ ಕೆಳಗಿನ ಮನೆ
ಭಾನುವಾರ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ಬಳ್ಳಾರಿಗೆ ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಎರಡೇ ಕಾಲ ಎಂದು ನಗೆಯಾಡುವವರು ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಒಂದು ದಿನವಾದರೂ ಬೆಳಗಿನ ಹೊತ್ತು ಈ ಊರಿನಲ್ಲಿ ತಿರುಗಾಡಿದವರಲ್ಲ. ಈ ದಿನ ನಾನು ಕಿವಿ ಮುಚ್ಚುವಂತೆ ಶಾಲು ಸುತ್ತಿಕೊಂಡು ನಮ್ಮ ಬಡಾವಣೆಯ ಪಾರ್ಕಿಗೆ ಹೊರಟಾಗ ಕೋಟೆ ಗುಡ್ಡದ ಬಂಡೆಗಳು ಅರ್ಧಕ್ಕೆ ಮಂಜಿನಲ್ಲಿ ಮುಳುಗಿದ್ದವು. ಹುಲ್ಲಿನ ಮೇಲೆ ಇಬ್ಬನಿ ಎಷ್ಟು ದಟ್ಟವಾಗಿ ಕುಳಿತಿತ್ತೆಂದರೆ, ಒಂದು ಸುತ್ತು ಮುಗಿಸುವಷ್ಟರಲ್ಲಿ ನನ್ನ ಬೂಟುಗಳು ಕಾಲುಚೀಲದವರೆಗೂ ನೆನೆದುಹೋದವು.

ಈ ದಸರೆಗೆ ಮಗ ಒಂದು ದುರ್ಬೀನು ಕೊಡಿಸಿದ್ದಾನೆ. ಅಂದಿನಿಂದ ನಮ್ಮ ಯಜಮಾನರು ಎಂಟು ಸುತ್ತು ಹಾಕುವ ಹೊತ್ತಿನಲ್ಲಿ ನಾನು ಒಂದೂವರೆ ಸುತ್ತು ಮಾತ್ರ ಹಾಕುತ್ತೇನೆ. ಇವತ್ತಿನ ಪಟ್ಟಿ ಹೀಗಿದೆ: ಹುಲ್ಲುಹಾಸಿನ ಮೇಲೆ ಗೊರವಂಕಗಳು, ಒಂದು ಚಂದ್ರಮುಕುಟ, ಬಾಲ ಕುಣಿಸುವ ಎರಡು ಬಿಳಿ ಹುಬ್ಬಿನ ಸಿಪಿಲೆಗಳು, ಬೇಲಿಯ ತಂತಿಯ ಮೇಲೆ ಕಾಜಾಣ ಮತ್ತು ಸಾಲಾಗಿ ಕುಳಿತ ಐದು ಕಳ್ಳಿಪೀರಗಳು. ದೊಡ್ಡ ಬೇವಿನ ಮರದ ಪೊಟರೆಯ ಬಾಯಲ್ಲಿ ಹಾಲಕ್ಕಿ ಎಂಬ ಎರಡು ಪುಟ್ಟ ಗೂಬೆಗಳು ಒಂದಕ್ಕೊಂದು ಭುಜ ತಾಗಿಸಿ, ಪೂರ್ವಕ್ಕೆ ಮುಖ ಮಾಡಿ, ಕಣ್ಣನ್ನು ಅರ್ಧ ಮುಚ್ಚಿ ಬಿಸಿಲು ಕಾಯಿಸುತ್ತಿದ್ದವು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಅವುಗಳಲ್ಲೊಂದು ತಲೆಯನ್ನು ಮೂರು ಬಾರಿ ಮೇಲೆ ಕೆಳಗೆ ಆಡಿಸಿ ನನ್ನನ್ನು ಪರೀಕ್ಷಿಸಿತೇ ಹೊರತು ಜಾಗ ಬಿಟ್ಟು ಕದಲಲಿಲ್ಲ.

ನನ್ನ ಪ್ರಶ್ನೆ ಇರುವುದು ಪಂಪ್‌ಹೌಸಿನ ಹಿಂದಿನ ಮೂಲೆಯ ಬಗ್ಗೆ. ಅಲ್ಲಿ ಗುಡಿಸಿದ ಎಲೆಗಳನ್ನು ರಾಶಿ ಹಾಕುತ್ತಾರೆ, ವಾಲ್ವಿನ ಗುಂಡಿಯೊಂದು ವರ್ಷದಿಂದ ಸೋರುತ್ತಿದೆ, ಅದರ ಹಿಂದೆ ಬಳ್ಳಾರಿ ಜಾಲಿಯ ಪೊದೆ ಬೆಳೆದಿದೆ. ಯಾರೂ ಅತ್ತ ಹೋಗುವುದಿಲ್ಲ. ಗುಬ್ಬಿಗಿಂತ ಚಿಕ್ಕದಾದ, ಬೆನ್ನು ಮಾಸಲು ಕಂದು, ಎದೆ ಹೊಟ್ಟೆ ಕೆನೆಬಿಳಿ ಇರುವ ಹಕ್ಕಿಯೊಂದು ಜಾಲಿಯ ಕೆಳಗಿನ ಕೊಂಬೆಯಿಂದ ಎಲೆರಾಶಿಗೆ ಹಾರುವುದು, ಏನನ್ನೋ ಹೆಕ್ಕಿ ಮತ್ತೆ ಅದೇ ಕೊಂಬೆಗೆ ಬರುವುದು ಹೀಗೆ ಕಾಲು ಗಂಟೆ ಆಟವಾಡಿತು. ಕುಳಿತಾಗಲೆಲ್ಲ ಬಾಲವನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು. ಕಣ್ಣು ದೊಡ್ಡದು, ಕಪ್ಪು. ಒಣ ಹುರುಳಿಕಾಯಿಯನ್ನು ಅಲುಗಾಡಿಸಿದಂತಹ ಸಣ್ಣ 'ಟರ್‌ರ್‌ರ್' ಸದ್ದು. ಫೋಟೋ ಇಲ್ಲ, ಇದ್ದಷ್ಟು ವಿವರ ಇದೇ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು
ಭಾನುವಾರ, ಬೆಳಿಗ್ಗೆ 11:45

ತಾಯಿ, ಫೋಟೋಗಿಂತ ನಿಮ್ಮ ವಿವರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದೇ ಒಂದು ಸಂಗತಿಯನ್ನು ಕೇಳುತ್ತೇನೆ: ಬಾಲ ಚಿಮ್ಮಿಸಿದಾಗ ಅದರ ಬುಡದ ಎರಡೂ ಬದಿಯಲ್ಲಿ ಬಿಳಿ ಮಚ್ಚೆಗಳು ಕಂಡವೇ? ಕಂಡಿದ್ದರೆ ಅದು ಕೆಂಪೆದೆಯ ನೊಣಹಿಡುಕ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹೆಸರಿಗೆ ಕೆಂಪೆದೆಯಾದರೂ ಗಂಟಲಿನ ಕೇಸರಿ ಬಣ್ಣ ಇರುವುದು ಬಲಿತ ಗಂಡಿಗೆ ಮಾತ್ರ. ಹೆಣ್ಣುಗಳೂ ಆ ವರ್ಷ ಹುಟ್ಟಿದ ಮರಿಗಳೂ ನೀವು ಬರೆದಂತೆಯೇ ಮಾಸಲಾಗಿರುತ್ತವೆ. ಇದಕ್ಕೆ ಹತ್ತಿರದ ಹೋಲಿಕೆಯುಳ್ಳ ಕಂದು ನೊಣಹಿಡುಕವೂ ಚಳಿಗಾಲದಲ್ಲಿ ಬರುತ್ತದೆ, ಆದರೆ ಅದರ ಬಾಲದಲ್ಲಿ ಬಿಳಿ ಇರುವುದಿಲ್ಲ ಮತ್ತು ಅದು ಹೀಗೆ ಬಾಲವನ್ನು ಸೆಟೆಸಿ ಕುಣಿಸುವುದಿಲ್ಲ.

ಈ ಹಕ್ಕಿಯ ಪ್ರಯಾಣ ತಿಳಿದರೆ ನಿಮ್ಮ ಎಲೆರಾಶಿಯ ಬೆಲೆ ಗೊತ್ತಾದೀತು. ಯುರೋಪಿನ ಪೂರ್ವ ಭಾಗದಿಂದ ಆಚೆಗಿನ ಕಾಡುಗಳಲ್ಲಿ ಮರಿ ಮಾಡುವ ಇದು, ಯುರೋಪಿನ ಬಹುತೇಕ ವಲಸೆ ಹಕ್ಕಿಗಳು ಆಫ್ರಿಕಾದ ಕಡೆಗೆ ಹೊರಟಾಗ, ತಾನು ಆಗ್ನೇಯಕ್ಕೆ ತಿರುಗಿ ನಮ್ಮ ದೇಶಕ್ಕೆ ಬರುತ್ತದೆ. ಮಾರ್ಚ್ ಏಪ್ರಿಲ್‌ವರೆಗೂ ಇಲ್ಲಿಯೇ ಇರುತ್ತದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಬಾವಿಯ ಬಳಿ ಇಂಥದೊಂದು ಇಡೀ ಚಳಿಗಾಲ ಅದೇ ಮೂಲೆಯನ್ನು ಬಿಡದೆ ಕಾದದ್ದನ್ನು ನೋಡಿದ್ದೇನೆ. ಆದ್ದರಿಂದ ನಿಮ್ಮದು ಮುಂದಿನ ವಾರವೂ ಸಿಗುವ ಸಾಧ್ಯತೆ ಹೆಚ್ಚು.

ಸಿಪಿಲೆಗಳ ವಿಷಯದಲ್ಲಿ ಒಂದು ಸಂಶಯವಿದೆ. ಬಿಳಿ ಹುಬ್ಬಿನ ಸಿಪಿಲೆ ವರ್ಷವಿಡೀ ನಮ್ಮಲ್ಲೇ ಇರುವ ಹಕ್ಕಿ. ಅದರ ತಲೆ ಬೆನ್ನು ಅಚ್ಚ ಕಪ್ಪು, ಹುಬ್ಬು ಮಾತ್ರ ಗೀಟೆಳೆದಂತೆ ಬಿಳಿ, ಮತ್ತು ಅದಕ್ಕೆ ನೀರಿನ ಅಂಚೇ ಇಷ್ಟ. ಒಣ ಹುಲ್ಲುಹಾಸಿನ ಮೇಲೆ ಎರಡು ಮೂರು ಸೇರಿ ಓಡಾಡುವುದು, ಬೆನ್ನು ಬೂದಿ ಬಣ್ಣದ್ದು, ಮುಖವೆಲ್ಲ ಬಿಳಿಯಾಗಿರುವುದು ಬಿಳಿ ಸಿಪಿಲೆ. ಅದು ಹಿಮಾಲಯದಿಂದಾಚೆಯ ಅತಿಥಿ. ಮುಖ ಬಿಳಿಯೋ, ಹುಬ್ಬು ಮಾತ್ರ ಬಿಳಿಯೋ ಎಂದು ನೋಡಿಕೊಳ್ಳಿ.

ಕೋಟೆ ಕೆಳಗಿನ ಮನೆ
ಭಾನುವಾರ, ಮಧ್ಯಾಹ್ನ 12:10

ಬಿಳಿ ಮಚ್ಚೆಗಳು ಇದ್ದವು ಮೇಷ್ಟ್ರೇ, ಹಾರುವಾಗ ಇನ್ನೂ ಸ್ಪಷ್ಟವಾಗಿ ಕಂಡವು. ಸಿಪಿಲೆಯ ವಿಷಯದಲ್ಲಿ ತಪ್ಪು ನನ್ನದೇ, ಮುಖ ಬಿಳಿಯಾಗಿತ್ತು. ನೋಟ್‌ಬುಕ್ಕಿನಲ್ಲಿ ತಿದ್ದಿಕೊಂಡೆ. ಪೂರ್ವ ಯುರೋಪಿನ ಹಕ್ಕಿ ನಮ್ಮ ಸೋರುವ ವಾಲ್ವಿನ ನೀರು ಕುಡಿಯುತ್ತಿದೆ ಎಂದು ಯಜಮಾನರಿಗೆ ಹೇಳಿದರೆ ಅವರು ನಂಬುತ್ತಿಲ್ಲ.

ಲೆನ್ಸ್ ಮೋಹಿ
ಭಾನುವಾರ, ಮಧ್ಯಾಹ್ನ 1:05

ಅಕ್ಕಾ, ನಾಳೆ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಂಡು ಬರುತ್ತೇನೆ. ಫೋನಿನಲ್ಲಿ ಆ ಹಕ್ಕಿಯ ಕೂಗನ್ನು ಸಣ್ಣ ಸ್ಪೀಕರಿಗೆ ಹಾಕಿದರೆ ಐದು ನಿಮಿಷದಲ್ಲಿ ಎದುರಿಗೆ ಬಂದು ಕುಳಿತುಕೊಳ್ಳುತ್ತದೆ, ಪೊದೆಯ ಮುಂದೆ ಕಾಯುವ ಕಷ್ಟವಿರುವುದಿಲ್ಲ. ಜೊತೆಗೆ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ಕೂಗು ಕೇಳಿಸಿದ ಕೂಡಲೇ ಅದೇ ಹೆಸರು ಹೇಳುತ್ತದೆ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು
ಭಾನುವಾರ, ಮಧ್ಯಾಹ್ನ 2:30

ತಮ್ಮಾ, ಸ್ಪೀಕರನ್ನು ದಯವಿಟ್ಟು ಮನೆಯಲ್ಲಿಯೇ ಬಿಟ್ಟು ಬಾ. ಆ ಹಕ್ಕಿ ಎದುರಿಗೆ ಬರುವುದು ನಿನ್ನ ಮೇಲಿನ ಪ್ರೀತಿಯಿಂದಲ್ಲ, ತನ್ನ ಮೂಲೆಗೆ ಮತ್ತೊಂದು ಹಕ್ಕಿ ನುಗ್ಗಿತೆಂಬ ಗಾಬರಿಯಿಂದ. ಚಳಿಯ ರಾತ್ರಿ ಕಳೆದ ಹತ್ತು ಗ್ರಾಂ ತೂಕದ ಜೀವಕ್ಕೆ ಬೆಳಗಿನ ಮೊದಲ ಎರಡು ಗಂಟೆ ಎಂದರೆ ಊಟದ ಹೊತ್ತು. ಆ ಹೊತ್ತನ್ನು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆಯುವಂತೆ ಮಾಡಬಾರದು. ಆ್ಯಪ್ ಒಳ್ಳೆಯದೇ, ಆದರೆ ನನ್ನ ಫೋನಿನಲ್ಲಿ ಅದು ಅಳಿಲಿನ ಚಿಲಿಪಿಲಿಗೂ ಒಮ್ಮೆ ಹಕ್ಕಿಯ ಹೆಸರು ಕೊಟ್ಟಿತ್ತು. ಅದು ಹೇಳಿದ್ದನ್ನು ಕಣ್ಣಿನಿಂದ ಖಚಿತಪಡಿಸಿಕೊಂಡ ಮೇಲೆ ಮಾತ್ರ ಪಟ್ಟಿಗೆ ಸೇರಿಸು.

ಇನ್ನೊಂದು ಮಾತು: ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ 6:45ರ ಸುಮಾರಿಗೆ. ಐದೂವರೆಗೆ ಎದ್ದು ನಡುಗುತ್ತ ಪಾರ್ಕಿನಲ್ಲಿ ನಿಲ್ಲುವುದರಿಂದ ಪ್ರಯೋಜನವಿಲ್ಲ. ಚಳಿಗೆ ಮರಗಟ್ಟಿದ ಹುಳುಗಳು ಬಿಸಿಲು ತಾಗಿದ ಮೇಲೆಯೇ ಕದಲುವುದು, ಅವು ಕದಲಿದ ಮೇಲೆಯೇ ಹುಳು ತಿನ್ನುವ ಹಕ್ಕಿಗಳು ಚುರುಕಾಗುವುದು. ಏಳೂಕಾಲರಿಂದ ಎಂಟೂವರೆಯವರೆಗೆ, ಬಿಸಿಲು ಮೊದಲು ಬೀಳುವ ಮರಗಳ ಪೂರ್ವದ ಬದಿಯನ್ನು ನೋಡಿದರೆ ಸಾಕು.

ಗಾಂಧಿನಗರದ ಅಜ್ಜಿ
ಭಾನುವಾರ, ಸಂಜೆ 5:15

ಈ ಮಾತುಕತೆ ಓದುತ್ತ ನನಗೆ ಮಗಳ ಮನೆಯಲ್ಲಿ ಕಳೆದ ಚಳಿಗಾಲ ನೆನಪಾಯಿತು. ಅವಳಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿನ ಪಾರ್ಕಿನಲ್ಲಿ ಬೆಳಗಿನ ಹುಲ್ಲು ಉಪ್ಪು ಉದುರಿಸಿದಂತೆ ಬೆಳ್ಳಗಿರುತ್ತದೆ, ಕಾಲಿಟ್ಟರೆ ಹುರಿದ ಹಪ್ಪಳದಂತೆ ಪುಡಿಯಾಗುವ ಸದ್ದು ಬರುತ್ತದೆ, ಕೊಳದ ಅಂಚಿನಲ್ಲಿ ಗಾಜಿನಂತೆ ತೆಳುವಾದ ಮಂಜುಗಡ್ಡೆ ಕಟ್ಟಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವುದರಿಂದ ಹಕ್ಕಿಗಳಿಗೆ ಮೇಯಲು ಸಿಗುವ ಹೊತ್ತೇ ಕಡಿಮೆ, ರಾತ್ರಿಯೋ ಹದಿನಾರು ತಾಸು. ನೆಲ ಗಟ್ಟಿಯಾಗಿ ಹುಳು ಸಿಗದ ದಿನಗಳಲ್ಲಿ ಅಲ್ಲಿಯ ರಾಬಿನ್ ಎಂಬ ಕೆಂಪು ಎದೆಯ ಪುಟ್ಟ ಹಕ್ಕಿ, ಮಣ್ಣು ಅಗೆಯುತ್ತಿದ್ದ ತೋಟದ ಕೆಲಸದವನ ಗುದ್ದಲಿಯ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು. ಮೈಯ ಪುಕ್ಕವನ್ನೆಲ್ಲ ಉಬ್ಬಿಸಿ, ನಡುವೆ ಗಾಳಿ ಹಿಡಿದಿಟ್ಟು, ಲಿಂಬೆಕಾಯಿಯಂತೆ ದುಂಡಗಾಗಿರುತ್ತಿತ್ತು.

ನನಗೆ ಸೋಜಿಗವಾದದ್ದು ಬೇರೆಯೇ. ಅಷ್ಟು ಚಳಿಯ ಆ ಊರಿಗೂ ಅದಕ್ಕಿಂತ ಉತ್ತರದ ದೇಶಗಳಿಂದ ಹಕ್ಕಿಗಳು ಚಳಿಗಾಲ ಕಳೆಯಲು ಬಂದು ಬೇಲಿಗಿಡಗಳ ಕೆಂಪು ಹಣ್ಣು ತಿನ್ನುತ್ತವೆಯಂತೆ! ಅಲ್ಲಿ ಎಲೆಯೆಲ್ಲ ಉದುರಿ ಬೋಳಾದ ಮರಗಳಲ್ಲಿ ಹಕ್ಕಿ ಬರಿಗಣ್ಣಿಗೇ ಕಾಣುತ್ತಿತ್ತು. ಇಲ್ಲಿ ನಮ್ಮ ಬೇವು, ಹೊಂಗೆ, ಹುಣಸೆಗಳು ಮಾಗಿಯಲ್ಲೂ ಹಸಿರಾಗಿಯೇ ಇರುವುದರಿಂದ ಮೊದಲು ಕಿವಿಯಿಂದ ಹುಡುಕಿ ಆಮೇಲೆ ಕಣ್ಣಿನಿಂದ ನೋಡಬೇಕಾಗುತ್ತದೆ. ಕಿವಿ ಸ್ವಲ್ಪ ಮಂದವಾದ ನನ್ನಂಥವರಿಗೆ ಇಂಗ್ಲೆಂಡೇ ಅನುಕೂಲವಾಗಿತ್ತು.

ವಾಕಿಂಗ್ ಬಳಗದ ಸದಸ್ಯ
ಭಾನುವಾರ, ರಾತ್ರಿ 8:40

ಚರ್ಚೆ ಚೆನ್ನಾಗಿದೆ, ಆದರೆ ಪಂಪ್‌ಹೌಸ್ ಹಿಂದಿನ ಆ ಮೂಲೆಯನ್ನು ಇಷ್ಟು ಹೊಗಳುವುದನ್ನು ನೋಡಿ ಬರೆಯಬೇಕಾಯಿತು. ಆ ಜಾಲಿಯನ್ನು ಕೀಳಿಸಿ, ವಾಲ್ವು ಸರಿಪಡಿಸಿ, ಅಲ್ಲಿಗೂ ಹುಲ್ಲುಹಾಸು ಹಾಕಿಸಬೇಕೆಂದು ನಾವು ಆರು ತಿಂಗಳಿನಿಂದ ಮನವಿ ಕೊಡುತ್ತಿದ್ದೇವೆ. ಕಳೆದ ಮಳೆಗಾಲದಲ್ಲಿ ಅಲ್ಲಿ ಹಾವು ಕಾಣಿಸಿಕೊಂಡಿತ್ತು. ಚೆಂಡು ತರಲು ಹೋದ ಹುಡುಗನ ಅಂಗಾಲಿಗೆ ಚಪ್ಪಲಿಯನ್ನು ತೂರಿಕೊಂಡು ಜಾಲಿಮುಳ್ಳು ನೆಟ್ಟಿತ್ತು. ಕುಡಿಯುವ ನೀರು ಹನ್ನೆರಡು ತಿಂಗಳೂ ಪೋಲಾಗುವುದನ್ನು ಹಕ್ಕಿಗಾಗಿ ಸಹಿಸಿಕೊಳ್ಳಿ ಎಂದರೆ, ವಾರಕ್ಕೊಮ್ಮೆ ನಲ್ಲಿ ಬರುವ ಓಣಿಯವರಿಗೆ ಏನು ಉತ್ತರ ಹೇಳುವುದು? ಹಕ್ಕಿ ಬೇಕಾದವರಿಗೆ ದರೋಜಿ ಇದೆ, ಅಂಕಸಮುದ್ರ ಇದೆ.

ಹಿನ್ನೀರಿನ ನಡಿಗೆ
ಭಾನುವಾರ, ರಾತ್ರಿ 9:25

ಅಂಕಸಮುದ್ರದ ಮಾತು ಬಂದದ್ದರಿಂದ ಹೇಳುತ್ತೇನೆ, ಏಕೆಂದರೆ ನಾನು ಪ್ರತಿ ಚಳಿಗಾಲದಲ್ಲೂ ಅಲ್ಲಿಗೆ ಹೋಗುವವನು. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ಅದು ನಮ್ಮ ಜಿಲ್ಲೆಯದೇ ಆಗಿತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಆ ಕೆರೆ ಸುಮಾರು 98 ಹೆಕ್ಟೇರಿನದು. 2024ರ ಜನವರಿಯಲ್ಲಿ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯೊಂದಿಗೆ ಅದಕ್ಕೂ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಬಣ್ಣದ ಕೊಕ್ಕರೆಗಳೂ ಕೆಂಬರಲುಗಳೂ ಅಲ್ಲಿ ಗೂಡು ಕಟ್ಟುವುದು ಎಲ್ಲಿ ಎಂದು ಕೇಳಿದರೆ, ನೀರಿನ ನಡುವೆ ನಿಂತಿರುವ ಮುಳ್ಳಿನ ಜಾಲಿ ಮರಗಳ ಮೇಲೆ. ಆ ಮರಗಳನ್ನು ಕಸವೆಂದು ಯಾರಾದರೂ ಕಡಿಸಿದ್ದರೆ ಉಳಿಯುತ್ತಿದ್ದದ್ದು ಬರಿಯ ಕೆರೆ.

ಆದರೆ ದೊಡ್ಡ ಕೆರೆಗೆ ಹೋದವನಿಗೆ ಪಾರ್ಕಿನ ಹಕ್ಕಿ ಸಿಗುವುದಿಲ್ಲ, ಎರಡೂ ಬೇರೆ ಲೋಕ. ತುಂಗಭದ್ರಾ ಹಿನ್ನೀರಿನಲ್ಲಿ ಮಂಜು ಕರಗುತ್ತಿದ್ದಂತೆ ಪಟ್ಟೆತಲೆಯ ಹೆಬ್ಬಾತುಗಳು ಸಾಲುಗಟ್ಟಿ ಹೊಲಗಳಿಂದ ನೀರಿಗೆ ಇಳಿಯುವುದನ್ನು ನೋಡಿ ನಾನು ಎಷ್ಟೋ ಸಲ ಫ್ಲಾಸ್ಕಿನ ಚಹಾ ಆರಿಸಿಕೊಂಡಿದ್ದೇನೆ. ಮಂಗೋಲಿಯಾ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಈ ಹೆಬ್ಬಾತುಗಳು 6,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದನ್ನು ಅಳೆದು ದಾಖಲಿಸಿದ್ದಾರೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ರಕ್ತ ಅವುಗಳದು. ಹಾಗಿದ್ದರೂ ಅಲ್ಲಿ ನಾನು ಕೆಂಪೆದೆಯ ನೊಣಹಿಡುಕವನ್ನು ಒಮ್ಮೆಯೂ ಕಂಡಿಲ್ಲ. ಅದಕ್ಕೆ ಬೇಕಾದದ್ದು ನೆರಳು, ಎಲೆರಾಶಿ, ಒಂದಿಷ್ಟು ತೇವ, ಅಂದರೆ ಅಕ್ಕನವರ ಪಂಪ್‌ಹೌಸ್ ಹಿಂದಿನ ಮೂಲೆ.

ಸಿರುಗುಪ್ಪದ ಎರೆಹೊಲ
ಸೋಮವಾರ, ಬೆಳಿಗ್ಗೆ 6:50

ಜಾಲಿಯ ಪರವಾಗಿ ಎಲ್ಲರೂ ವಾದಿಸುವ ಮುನ್ನ ಹೊಲದವನ ಮಾತನ್ನೂ ಕೇಳಿ. ಅಂಕಸಮುದ್ರದಲ್ಲಿರುವುದು ಕರಿಜಾಲಿ, ಅದು ನಮ್ಮ ಮಣ್ಣಿನ ಮರ. ಬಳ್ಳಾರಿ ಜಾಲಿ ಊರಿನ ಹೆಸರನ್ನು ಹೊತ್ತಿದ್ದರೂ ಊರಿನದಲ್ಲ, ಅದನ್ನು 19ನೇ ಶತಮಾನದಲ್ಲಿ ಅಮೆರಿಕಾ ಖಂಡದಿಂದ ತಂದು ಬಿತ್ತಿದ್ದು. ಅದು ಹಬ್ಬಿದ ಹುಲ್ಲುಗಾವಲಿನಲ್ಲಿ ಕೆಳಗೆ ಹುಲ್ಲೂ ಉಳಿಯುವುದಿಲ್ಲ, ಹುಲ್ಲನ್ನು ನಂಬಿದ ಹಕ್ಕಿಯೂ ಉಳಿಯುವುದಿಲ್ಲ. ನಮ್ಮ ತಾಲ್ಲೂಕಿನ ಎರೆಭೂತ ಎಂಬ ದೊಡ್ಡ ಹಕ್ಕಿಯ ಹೆಸರನ್ನು ಕೇಳಿದ್ದೀರಲ್ಲ, ಇಡೀ ದೇಶದ ಬಯಲಿನಲ್ಲಿ ಇನ್ನೂರನ್ನೂ ಮುಟ್ಟದಷ್ಟು ಉಳಿದಿರುವುದು ಅದೇ. ಅದಕ್ಕೆ ಬಟ್ಟ ಬಯಲು ಬೇಕೇ ಹೊರತು ಜಾಲಿಯ ಕಾಡಲ್ಲ. ಪಾರ್ಕಿನ ಒಂದು ಪೊದೆಯನ್ನು ನೋಡಿ ಜಾಲಿಯೇ ಒಳ್ಳೆಯದೆಂದು ತೀರ್ಮಾನಿಸಬೇಡಿ.

ಹಕ್ಕಿ ನೋಡುವವರಿಗೆ ನನ್ನ ಕಡೆಯಿಂದಲೂ ಒಂದು ಸುದ್ದಿ. ಈಗ ಬಿಳಿಜೋಳ ಹಾಲುಗಾಳಿಗೆ ಬಂದಿದೆ, ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಇಳಿಯುತ್ತಿವೆ. ಮಧ್ಯ ಏಷ್ಯಾದಲ್ಲಿ ಮಿಡತೆ ತಿಂದು ಮರಿ ಮಾಡುವ ಹಕ್ಕಿಗಳು ಇವೆಂದು ಮೇಷ್ಟ್ರು ಹಿಂದೊಮ್ಮೆ ತಿಳಿಸಿದ್ದರು. ಇಲ್ಲಿ ಬಂದ ಮೇಲೆ ಮಾತ್ರ ಅವುಗಳ ಕಣ್ಣೆಲ್ಲ ನಮ್ಮ ತೆನೆಯ ಮೇಲೆ. ಬೆಳಗಿನ ಮಂಜಿನಲ್ಲಿ ಅಟ್ಟಣಿಗೆಯ ಮೇಲೆ ಕಂಬಳಿ ಹೊದ್ದು ಕುಳಿತು ಕವಣೆ ಬೀಸುವ ನನಗೆ ಹಕ್ಕಿ ವೀಕ್ಷಣೆಯ ಅವಕಾಶಕ್ಕೆ ಕೊರತೆಯಿಲ್ಲ, ಪಟ್ಟಿ ಬರೆಯುವುದಕ್ಕೆ ಕೈ ಬಿಡುವಿಲ್ಲ ಅಷ್ಟೇ. ಫೆಬ್ರವರಿಯ ಕೊನೆಗೆ ಮುತ್ತುಗ, ಬೂರುಗ ಹೂ ಬಿಟ್ಟರೆ ಇವೇ ಹಕ್ಕಿಗಳು ಮಕರಂದಕ್ಕಾಗಿ ನಿಮ್ಮ ಪಾರ್ಕಿಗೂ ಬಂದಾವು.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು
ಸೋಮವಾರ, ಬೆಳಿಗ್ಗೆ 9:30

ಸಿರುಗುಪ್ಪದ ಗೆಳೆಯರ ಮಾತು ಸರಿಯಾಗಿದೆ. ಬಯಲಿನಲ್ಲಿ ಬಳ್ಳಾರಿ ಜಾಲಿ ಕಂಟಕವೇ, ಅದರಲ್ಲಿ ಎರಡು ಮಾತಿಲ್ಲ. ವಾಕಿಂಗ್ ಬಳಗದವರ ಮುಳ್ಳಿನ ದೂರೂ ನಿಜವಾದದ್ದು. ಆದರೆ ಪಾರ್ಕಿನ ಮಟ್ಟಿಗೆ ನಾನು ಗಮನಿಸಿದ್ದನ್ನು ಹೇಳಿಬಿಡುತ್ತೇನೆ: ಅಕ್ಕನವರ ಪಟ್ಟಿಯಲ್ಲಿ ಹುಲ್ಲುಹಾಸಿನಲ್ಲಿ ಸಿಕ್ಕದ್ದು ಮೂರೇ ಜಾತಿ. ಉಳಿದದ್ದೆಲ್ಲ ಮರ, ಬೇಲಿ ಮತ್ತು ಗುಡಿಸದೆ ಬಿಟ್ಟ ಮೂಲೆಯದು. ಚಳಿಗಾಲದ ಸಣ್ಣ ಅತಿಥಿಗಳಿಗೆ ಬೇಕಾದ ಹುಳು ಇರುವುದು ಕೊಳೆಯುವ ಎಲೆಯ ಕೆಳಗೆ, ಅಡಗುವ ಜಾಗ ಇರುವುದು ಪೊದೆಯಲ್ಲಿ. ಅದು ಜಾಲಿಯ ಪೊದೆಯೇ ಆಗಬೇಕೆಂಬ ನಿಯಮವೇನೂ ಇಲ್ಲ.

ಆದ್ದರಿಂದ ಜಾಲಿಯನ್ನು ಒಂದೇ ದಿನದಲ್ಲಿ ಜೆಸಿಬಿ ತಂದು ಎಬ್ಬಿಸದೆ, ಅತಿಥಿಗಳು ಹೊರಟುಹೋಗುವ ಏಪ್ರಿಲ್‌ವರೆಗೆ ಕಾದು, ಮೊದಲು ದಾರಿಯ ಬದಿಯ ಅರ್ಧವನ್ನು ಬೇರುಸಹಿತ ತೆಗೆಸಬಹುದು. ಬರಿಯ ಕಾಂಡ ಕಡಿದರೆ ಅದು ಎರಡರಷ್ಟು ಚಿಗುರುತ್ತದೆ. ಆ ಜಾಗಕ್ಕೆ ಮುಂಗಾರಿನಲ್ಲಿ ಕರಿಜಾಲಿ, ಬನ್ನಿ, ಬಾರೆಹಣ್ಣಿನ ಗಿಡ, ಬೇಲಿಯಂಚಿಗೆ ಒಂದು ಅತ್ತಿ ನೆಟ್ಟು, ಅವು ಆಳೆತ್ತರ ಬಂದ ಮೇಲೆ ಉಳಿದ ಜಾಲಿಯನ್ನು ತೆಗೆಯಲಿ. ಎಲೆರಾಶಿಗೆ ಬೆಂಕಿ ಹಾಕುವುದನ್ನು ಮಾತ್ರ ಈಗಿನಿಂದಲೇ ನಿಲ್ಲಿಸಬೇಕು. ವಾಲ್ವು ಸೋರುವುದನ್ನು ನಾನು ಸಮರ್ಥಿಸುವುದಿಲ್ಲ, ದುರಸ್ತಿಯಾಗಲೇಬೇಕು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಎತ್ತರಕ್ಕೆ ನೀರು ಹಾಕಿ, ಹಕ್ಕಿ ನಿಲ್ಲಲು ನಡುವೆ ಒಂದು ಕಲ್ಲಿಟ್ಟು, ದಿನವೂ ನೀರು ಬದಲಿಸಿದರೆ ಅಷ್ಟೇ ಸಾಕು.

ಲೆನ್ಸ್ ಮೋಹಿ
ಸೋಮವಾರ, ಬೆಳಿಗ್ಗೆ 10:15

ಮೇಷ್ಟ್ರೇ, ಸ್ಪೀಕರ್ ತರಲಿಲ್ಲ. ಏಳೂವರೆಯಿಂದ ನಲವತ್ತು ನಿಮಿಷ ಪಂಪ್‌ಹೌಸಿನ ಗೋಡೆಗೆ ಒರಗಿ ಕುಳಿತೆ. ಸಿಕ್ಕ ಒಂದೇ ಫೋಟೋದಲ್ಲಿ ಜಾಲಿಯ ಕೊಂಬೆಯೊಂದು ಬಹಳ ಸ್ಪಷ್ಟವಾಗಿ ಬಂದಿದೆ, ಹಕ್ಕಿಯ ಬಾಲ ಮಾತ್ರ ಅದರ ಹಿಂದೆ ಕಾಣುತ್ತದೆ. ಬಾಲದ ಬುಡದ ಎರಡು ಬಿಳಿ ಮಚ್ಚೆಗಳು ಅದರಲ್ಲಿವೆ, ನಿಮ್ಮ ಗುರುತು ಸರಿಯಾಗಿದೆ. ಅದೇ ಹೊತ್ತಿಗೆ ಮಂಡಕ್ಕಿಯ ಪೊಟ್ಟಣ ಹಿಡಿದು ಬಂದವರೊಬ್ಬರು ಪಾರಿವಾಳಗಳಿಗೆ ಎರಚಿದ್ದರಿಂದ ಎಲ್ಲ ಹಕ್ಕಿಗಳೂ ಚದುರಿದವು. ಇದಕ್ಕೆ ಏನು ಮಾಡುವುದು?

ಗಾಂಧಿನಗರದ ಅಜ್ಜಿ
ಸೋಮವಾರ, ಬೆಳಿಗ್ಗೆ 11:00

ಮಂಡಕ್ಕಿ ಎರಚುವವರಿಗೆ ನಾನು ಹೇಳುತ್ತೇನೆ, ಅವರು ನಮ್ಮ ಓಣಿಯವರೇ. ಹಿಮ ಬೀಳುವ ದೇಶದಲ್ಲಿ ಕಾಳು ತೂಗುಹಾಕುವುದಕ್ಕೆ ಅರ್ಥವಿದೆ, ನೆಲವೇ ಹೆಪ್ಪುಗಟ್ಟಿರುತ್ತದೆ. ನಮ್ಮಲ್ಲಿ ಆ ಮಂಡಕ್ಕಿಯಿಂದ ಹೆಚ್ಚುವುದು ಪಾರಿವಾಳ ಮತ್ತು ಕಾಗೆಗಳಷ್ಟೇ, ನೊಣ ಹಿಡಿಯುವ ಹಕ್ಕಿ ಮಂಡಕ್ಕಿಯನ್ನು ಮೂಸಿಯೂ ನೋಡುವುದಿಲ್ಲ. ಮಂಡಕ್ಕಿಗೆ ಬಳ್ಳಾರಿಯಲ್ಲಿ ಬೇರೆ ಸದುಪಯೋಗವಿದೆ.

ವಾಕಿಂಗ್ ಬಳಗದ ಸದಸ್ಯ
ಸೋಮವಾರ, ರಾತ್ರಿ 9:10

ಮೇಷ್ಟ್ರು ಹೇಳಿದ ಅರ್ಧರ್ಧ ತೆಗೆಯುವ ಯೋಚನೆಯನ್ನು ಸಂಜೆ ನಮ್ಮವರ ಮುಂದಿಟ್ಟೆ. ಇಬ್ಬರು ಒಪ್ಪಲಿಲ್ಲ, ಉಳಿದವರು ಏಪ್ರಿಲ್‌ವರೆಗೆ ಕಾಯಲು ಒಪ್ಪಿದರು. ವಾಲ್ವಿನ ಮನವಿಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಮಣ್ಣಿನ ತಟ್ಟೆಯನ್ನು ಯಾರು ತಂದರೂ ಅದಕ್ಕೆ ದಿನವೂ ನೀರು ಹಾಕುವ ಕೆಲಸ ನನ್ನದು, ಹೇಗೂ ಆರೂವರೆಗೆ ಬರುವವನು ನಾನೇ. ಆ ಹಾಲಕ್ಕಿಗಳನ್ನು ಮಾತ್ರ ನನಗೂ ಒಮ್ಮೆ ತೋರಿಸಿ. ಹದಿನಾಲ್ಕು ವರ್ಷದಿಂದ ಆ ಬೇವಿನ ಕೆಳಗೇ ನಡೆಯುತ್ತಿದ್ದೇನೆ.

ಕೋಟೆ ಕೆಳಗಿನ ಮನೆ
ಮಂಗಳವಾರ, ಬೆಳಿಗ್ಗೆ 9:00

ತಟ್ಟೆಯನ್ನು ಕುಂಬಾರರ ಅಂಗಡಿಯಿಂದ ತಂದು ಇಟ್ಟಾಯಿತು. ಮೊದಲ ಗಿರಾಕಿಯಾಗಿ ಬಂದದ್ದು ಅಳಿಲು, ಆಮೇಲೆ ಎರಡು ಪಿಕಳಾರಗಳು ಒಂದರ ಮೇಲೊಂದು ನೀರು ಸಿಡಿಸುತ್ತ ಅರ್ಧ ತಟ್ಟೆಯನ್ನು ಖಾಲಿ ಮಾಡಿದವು. ನೊಣಹಿಡುಕ ಇನ್ನೂ ಸೋರುವ ವಾಲ್ವಿಗೇ ನಿಷ್ಠವಾಗಿದೆ.

ಮುಂದಿನ ಭಾನುವಾರ ಬೆಳಿಗ್ಗೆ 7:15ಕ್ಕೆ ದೊಡ್ಡ ಬೇವಿನ ಮರದ ಕೆಳಗೆ ಸೇರೋಣ. ಗಾಢ ಬಣ್ಣದ ಸ್ವೆಟರ್ ಬೇಡ, ಸ್ಪೀಕರ್ ಬೇಡ. ಫೆಬ್ರವರಿಯಲ್ಲಿ ನಡೆಯುವ ನಾಲ್ಕು ದಿನಗಳ ಹಿತ್ತಿಲ ಹಕ್ಕಿಗಳ ಎಣಿಕೆಗೆ ಒಂದೇ ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು, ಕಂಡದ್ದನ್ನೆಲ್ಲ ಎಣಿಸಿ ಬರೆಯಬೇಕಂತೆ, ಅದರ ಅಭ್ಯಾಸವನ್ನು ಅಂದೇ ಮಾಡೋಣ. ಮೇಷ್ಟ್ರು ಬರುವುದಾದರೆ ಯಜಮಾನರು ಎಂಟು ಸುತ್ತಿನಲ್ಲಿ ಎರಡನ್ನು ಕಡಿಮೆ ಮಾಡಿ, ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬರಲು ಒಪ್ಪಿದ್ದಾರೆ. ಎಷ್ಟು ಜನಕ್ಕೆ ಎಂಬುದನ್ನು ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.